ಕಾಲು ಗಂಟೆ ಕಾಯುವ ನೀರಕ್ಕ

ಬೆಳಗಿನ ಐದು ಗಂಟೆ. ಡಯಾಲಿಸಿಸ್ ವಾರ್ಡಿನ ಹಿಂದಿನ ಇಕ್ಕಟ್ಟು ಕೋಣೆಯಲ್ಲಿ ಪಂಪು ಗುರುಗುಡುತ್ತಿದೆ. ಎಲ್ಲರೂ ನೀರಕ್ಕ ಎಂದೇ ಕರೆಯುವ ಹೆಂಗಸು ಕೈಗಡಿಯಾರ ನೋಡುತ್ತ ನಿಂತಿದ್ದಾರೆ. ಇದ್ದಿಲು ತುಂಬಿದ ತೊಟ್ಟಿಗಳಲ್ಲಿ ನೀರು ಕಾಲು ಗಂಟೆ ಹರಿದ ಮೇಲಷ್ಟೇ ಅದನ್ನು ಗಾಜಿನ ಕೊಳವೆಗೆ ಹಿಡಿದು, ಪುಡಿ ಉದುರಿಸಿ ಅಲ್ಲಾಡಿಸುತ್ತಾರೆ. ನೀರು ತಿಳಿಯಾಗಿಯೇ ಉಳಿದರೆ ಯಂತ್ರಗಳು ಶುರು. ಗುಲಾಬಿಗೆ ತಿರುಗಿದರೆ ನಲ್ಲಿ ನೀರಿನ ಕ್ಲೋರಿನ್ ಇದ್ದಿಲು ಹೀರದೆ ಉಳಿದಿದೆ ಎಂದು ಅರ್ಥ.

ಇಂದು ಗುಲಾಬಿ. ಎರಡನೇ ತೊಟ್ಟಿಯದೂ ಗುಲಾಬಿ.

ಸೋತ ಮೂತ್ರಪಿಂಡದ ಕೆಲಸವನ್ನು ಇಲ್ಲಿ ಕೂದಲೆಳೆಯಂಥ ಸಾವಿರಾರು ಟೊಳ್ಳು ಎಳೆಗಳು ಮಾಡುತ್ತವೆ. ಒಳಗೆ ರಕ್ತ, ಹೊರಗೆ ಲವಣ ಬೆರೆತ ನೀರು, ನಡುವೆ ಕಣ್ಣಿಗೆ ಕಾಣದ ತೂತುಗಳ ಪೊರೆ. ರಕ್ತದಲ್ಲಿ ಕಿಕ್ಕಿರಿದ ಕಸ ತೆರಪಿರುವ ನೀರಿನ ಕಡೆಗೆ ತಾನಾಗಿ ದಾಟುತ್ತದೆ. ರಕ್ತಕಣಗಳು ದೊಡ್ಡವು, ಒಳಗೇ ಉಳಿಯುತ್ತವೆ.

"ನಮ್ಮ ಮೈಯ ಒಂದೊಂದು ಜೀವಕೋಶಕ್ಕೂ ಇಂಥ ಪೊರೆ ಇದ್ಯಂತೆ. ಅದು ಜಾಣ. ಬೇಕಾದ್ದನ್ನ ಕೈಹಿಡಿದು ಒಳಗೆ ಕರ್ಕೊಳ್ಳುತ್ತೆ, ಬೇಡದ್ದನ್ನ ಶಕ್ತಿ ಖರ್ಚು ಮಾಡಿ ಆಚೆ ನೂಕುತ್ತೆ. ಈ ಯಂತ್ರದ್ದು ಪಾಪದ್ದು. ಸಣ್ಣದಾಗಿದ್ರೆ ಸಾಕು, ನೀನ್ಯಾರು ಅಂತಾನೂ ಕೇಳಲ್ಲ," ಎನ್ನುತ್ತಾರೆ ನೀರಕ್ಕ. "ಕೇಳೋಕೇ ನಾನಿರೋದು."

ದಿನಕ್ಕೆ ಮೂರು ಪಾಳಿ, ಪಾಳಿಗೆ ಎಂಟು ಜನ; ಒಬ್ಬೊಬ್ಬರೂ ದಿನ ಬಿಟ್ಟು ದಿನ ಬರಬೇಕು. ನಾಲ್ಕು ಗಂಟೆಯಲ್ಲಿ ಒಬ್ಬೊಬ್ಬರ ರಕ್ತದ ಪಕ್ಕದಲ್ಲಿ ಹರಿದುಹೋಗುವ ನೀರು ನೂರಿಪ್ಪತ್ತು ಲೀಟರ್. ಅವರು ಇಡೀ ದಿನ ಕುಡಿಯಬಹುದಾದದ್ದು ಮೂರೋ ನಾಲ್ಕೋ ಲೋಟ.

ನೆಲ ಒರೆಸಲು ಸೇರಿದ ಇವರು ನೀರಿನ ಕೆಲಸ ಕಲಿತು ಹನ್ನೊಂದು ವರ್ಷ. ಕಲಿತ ಎರಡನೇ ತಿಂಗಳು ಪಂಪು ಹಾಕಿದ ಕೂಡಲೇ ಪರೀಕ್ಷೆಗೆ ನೀರು ಹಿಡಿದಿದ್ದರು. ರಾತ್ರಿಯಿಡೀ ಇದ್ದಿಲಿನಲ್ಲಿ ನಿಂತ ನೀರು, ತಿಳಿಯಾಗಿರದೆ ಇನ್ನೇನು? ಯಂತ್ರಗಳು ಶುರುವಾದವು, ಆ ನೀರಿನ ಬೆನ್ನಿಗೇ ಬಂದ ಹೊಸ ನೀರಿನಲ್ಲಿ ಕ್ಲೋರಿನ್ ಇತ್ತು. ಅದು ಪೊರೆ ದಾಟಿ ರಕ್ತಕಣಗಳನ್ನೇ ಒಡೆಯಿತು. ಹೊಲಿಗೆ ಟೀಚರೊಬ್ಬರು ಎರಡು ಬಾಟಲಿ ರಕ್ತ ಏರಿಸಿಕೊಂಡು ಹೇಗೋ ಬದುಕಿಕೊಂಡರು.

"ಈ ಗಡಿಯಾರ ಕೊಂಡಿದ್ದು ಅದರ ಮಾರನೇ ದಿನ," ಎನ್ನುತ್ತಾರೆ.

ವಾರ್ಡಿನಲ್ಲಿ ಕಾಲು ಊದಿಸಿಕೊಂಡ ಬಸ್ ಡ್ರೈವರ್ ಏದುಸಿರು ಬಿಡುತ್ತಿದ್ದಾರೆ. "ಮೊನ್ನೆ ಸರಿ ಇತ್ತಲ್ಲಮ್ಮ. ಒಂದಿನ ನಡೆಯಲ್ವಾ?"

"ಇವರಿಗೆ ತಡ ಮಾಡಿದ್ರೆ ಕಷ್ಟ ಅಕ್ಕ," ಎನ್ನುತ್ತಾರೆ ನರ್ಸ್, ತಗ್ಗಿದ ದನಿಯಲ್ಲಿ.

"ಗೊತ್ತು ಸಿಸ್ಟರ್. ಡಾಕ್ಟ್ರನ್ನ ಕರೀರಿ, ಆಕ್ಸಿಜನ್ ಹಾಕಿ. ಈ ನೀರು ಮಾತ್ರ ನಾನು ಬಿಡಲ್ಲ."

ಹೇಳುವಾಗ ದನಿ ಗಟ್ಟಿ. ಹಿಂದಿನ ಕೋಣೆಗೆ ಬಂದು ಸ್ಪ್ಯಾನರ್ ಹಿಡಿಯುತ್ತಾರೆ. ಹೊಸ ಇದ್ದಿಲಿನ ತೊಟ್ಟಿ ಜೋಡಿಸಿ, ಕಪ್ಪು ನೀರು ಹೋಗುವವರೆಗೆ ತೊಳೆದು, ಮತ್ತೆ ಕಾಲು ಗಂಟೆ. ಗೋಡೆಯಾಚೆ ಡ್ರೈವರ್ ಕೆಮ್ಮಿದಾಗಲೆಲ್ಲ ಇವರು ತಲೆ ಎತ್ತುತ್ತಾರೆ.

ಏಳೂವರೆಗೆ ನೀರು ತಿಳಿ. ಮೊದಲ ಸೂಜಿ ಡ್ರೈವರಿಗೇ. ಒಂದು ಗಂಟೆ ಕಳೆದು ಉಸಿರು ಹಗುರಾದ ಮೇಲೆ ಅವರ ಬಾಯಿ ಬಿಚ್ಚುತ್ತದೆ.

"ಎರಡು ಗಂಟೆ ಕಾಯ್ಸಿದ್ಯಲ್ಲಮ್ಮ. ನಾನು ಬಸ್ಸು ಇಷ್ಟು ತಡ ತಂದಿದ್ರೆ ಜನ ಗಾಜು ಒಡೀತಿದ್ರು."

"ಒಡೀರಿ ಅಣ್ಣ," ಎನ್ನುತ್ತಾರೆ ನೀರಕ್ಕ, ಮುಂದಿನ ಕೊಳವೆ ತೊಳೆಯುತ್ತ. "ನಾಡಿದ್ದು ಬಂದು ಒಡೀರಿ. ನಾನು ಇಲ್ಲೇ ಇರ್ತೀನಿ."