ತಂಗಿಯರಿಲ್ಲ ಎಂದ ದಿನ

ಎದೆಯ ಮೇಲಿನ ಆ ಗಂಟಿಗೆ ನಾನು ಮೊದಲು ದೂರಿದ್ದು ಕರಡಿಗೆಯನ್ನು. ನಮ್ಮ ಮನೆಯಲ್ಲಿ ಎಲ್ಲರೂ ಇಷ್ಟಲಿಂಗವನ್ನು ಬೆಳ್ಳಿ ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಳ್ಳುವವರು. ನನ್ನದು ಅಪ್ಪನ ಕಾಲದ್ದು, ಸ್ವಲ್ಪ ತೂಕ ಜಾಸ್ತಿ. ತೋಟದಲ್ಲಿ ಬಗ್ಗಿ ಏಳುವಾಗ ಎಡಗಡೆ ಎದೆಗೆ ಬಡಿಯುತ್ತಿತ್ತು. ಮೊಲೆತೊಟ್ಟಿನ ಕೆಳಗೆ ಅಡಿಕೆಯಷ್ಟು ಗಟ್ಟಿಯಾದದ್ದು ಕೈಗೆ ಸಿಕ್ಕಾಗ, ಇಷ್ಟು ವರ್ಷ ಬಡಿದು ಬಡಿದು ಜಡ್ಡುಗಟ್ಟಿದೆ ಅಂದುಕೊಂಡೆ. ಶಿವದಾರವನ್ನು ನಾಲ್ಕು ಬೆರಳು ಉದ್ದ ಮಾಡಿ ಕರಡಿಗೆಯನ್ನು ಕೆಳಗಿಳಿಸಿದೆ. ಇಷ್ಟು ಜಾಣತನ ತೋರಿಸಿ ಐದು ತಿಂಗಳು ಹಾಯಾಗಿದ್ದೆ.

ಬನಿಯನ್ನಿನ ಮೇಲಿನ ಕಲೆಯನ್ನು ನೋಡಿದವಳು ಹೆಂಡತಿ. ಕೊಯ್ಲಿನ ಕಾಲ, ಬಟ್ಟೆಗೆಲ್ಲ ಕಲೆ ಇದ್ದದ್ದೇ. "ಇದು ಕಾಫಿ ಹಣ್ಣಿಂದಲ್ಲ ಇವ್ರೆ, ರಕ್ತ," ಎಂದಳು. ಮೂಡಿಗೆರೆಯ ಡಾಕ್ಟರು ಮುಟ್ಟಿ ನೋಡಿ ಹೆಚ್ಚು ಮಾತಾಡದೆ ಮಂಗಳೂರಿಗೆ ಚೀಟಿ ಬರೆದುಕೊಟ್ಟರು. ಚಾರ್ಮಾಡಿ ಘಾಟಿ ಇಳಿದು ಅಲ್ಲಿಯ ದೊಡ್ಡ ಆಸ್ಪತ್ರೆಗೆ ಹೋದರೆ, ಕಾಯುವ ಬೆಂಚಿನಲ್ಲಿ ನನ್ನೊಬ್ಬನನ್ನು ಬಿಟ್ಟು ಎಲ್ಲರೂ ಹೆಂಗಸರು. ನರ್ಸ್ ಹೊರಗೆ ಬಂದು ನನ್ನ ಹೆಂಡತಿಯನ್ನು ನೋಡಿ "ಬನ್ನಿ ಅಮ್ಮ" ಎಂದರು. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಿದರೆ ಸಾಕು ಅನಿಸಿತು.

ಸ್ತನ ಕ್ಯಾನ್ಸರ್ ಗಂಡಸರಿಗೂ ಬರುತ್ತದೆ, ಅಪರೂಪ, ಆದರೆ ಬರುತ್ತದೆ ಎಂದು ಡಾಕ್ಟರು ಹೇಳುವಾಗ ನಾನು ಕಿಟಕಿಯ ಕಡೆ ನೋಡುತ್ತಿದ್ದೆ. ಸಾಯುವ ಭಯಕ್ಕಿಂತ ಮೊದಲು ಬಂದದ್ದು, ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಇದನ್ನು ಹೇಗೆಲ್ಲ ಆಡಿಕೊಳ್ಳುತ್ತಾರೆ ಎಂಬ ಯೋಚನೆ. ಐವತ್ತೆಂಟು ವರ್ಷದ ಬೆಳೆಗಾರ, ಮೀಸೆ ಬೇರೆ ಬಿಟ್ಟವನು. ನನ್ನ ಬುದ್ಧಿ ಇಷ್ಟು.

ಆಪರೇಷನ್ ಆಯಿತು. ಊರಿಗೆಲ್ಲ "ಕೊಬ್ಬಿನ ಗಡ್ಡೆ ಮಾರಾಯ, ತೆಗೆಸಿಬಿಟ್ಟೆ" ಎಂದು ಹೇಳಿಕೊಂಡು ತಿರುಗಿದೆ. ನಿಜ ಗೊತ್ತಿದ್ದದ್ದು ಹೆಂಡತಿಗೆ, ಮಗನಿಗೆ, ನನ್ನ ಅಣ್ಣನಿಗೆ.

ಗಡ್ಡೆ ತೆಗೆಸಿದ ಸುದ್ದಿ ತಿಳಿದು ಕಳಸದಿಂದ ತಂಗಿ ಬಂದಳು. ನನಗಿಂತ ಆರು ವರ್ಷ ಚಿಕ್ಕವಳು. ಅವಳ ಯಜಮಾನರದು ಕಳಸದ ಪೇಟೆಯಲ್ಲಿ ಮೆಣಸು, ಅಡಿಕೆ ವ್ಯಾಪಾರ. ಎರಡು ಬಸ್ ಹತ್ತಿ ಇಳಿದು, ನನಗಿಷ್ಟವೆಂದು ಕ್ಯಾರಿಯರ್ ತುಂಬ ಕಡುಬು ಹೊತ್ತು ತಂದಿದ್ದಳು. "ಬ್ಯಾಂಡೇಜ್ ನಾನು ಬದಲಿಸ್ತೀನಿ, ಅಂಗಿ ಬಿಚ್ಚು ಅಣ್ಣಯ್ಯ," ಎಂದು ಹತ್ತಿರ ಬಂದಾಗ ಗದರಿಬಿಟ್ಟೆ.

"ಬೇಡ ಅಂದ್ನಲ್ಲ ಮಾರಾಯ್ತಿ. ಎಲ್ಲದ್ರಲ್ಲೂ ಕೈ ಹಾಕೋ ಚಟ ನಿಂಗೆ."

ಅವಳು ಬೇಜಾರು ಮಾಡಿಕೊಳ್ಳಲಿಲ್ಲ. "ನಿನ್ನ ಮೈಯಲ್ಲಿ ಕೊಬ್ಬು ಎಲ್ಲಿತ್ತು ಗಡ್ಡೆ ಆಗೋಕೆ? ಇದ್ದಿದ್ದೆಲ್ಲ ನಾಲಿಗೇಲಿ," ಎಂದು ನಕ್ಕು, ಕಡುಬು ಬಿಸಿ ಮಾಡಲು ಅಡಿಗೆಮನೆಗೆ ಹೋದಳು. ಸಂಜೆಯ ಬಸ್ಸಿಗೆ ಹೊರಟಳು.

ಹೊಲಿಗೆ ಬಿಚ್ಚಿದ ಮೇಲೆ ಡಾಕ್ಟರು, ಗಂಡಸರಿಗೆ ಈ ಕಾಯಿಲೆ ಬಂದರೆ ಜೀನ್ ಪರೀಕ್ಷೆ ಮಾಡಿಸಬೇಕು ಎಂದರು. ಅದಕ್ಕೆ ಬೇರೆ ಕೋಣೆ, ಬೇರೆ ಒಬ್ಬರು ಮೇಡಂ. ನನ್ನ ಮಗನಷ್ಟೇ ವಯಸ್ಸಿನ ಹುಡುಗಿ. "ಮನೆಯವರ ವಿವರ ಬೇಕು ಸರ್. ಯಾರ್ಯಾರಿದ್ದಾರೆ, ಯಾರು ಯಾವುದರಿಂದ ತೀರಿಕೊಂಡ್ರು, ಎಲ್ಲ ಕೇಳಿಕೊಂಡು ಬನ್ನಿ," ಎಂದು ಮೊದಲೇ ಫೋನಿನಲ್ಲಿ ಹೇಳಿದ್ದರು.

ನಮ್ಮ ಕಡೆಯ ಬೆಳೆಗಾರರಿಗೆ ಒಂದು ಅಭ್ಯಾಸ. ಎಲ್ಲಿಗೆ ಹೊರಟರೂ ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಫೈಲು. ಪಹಣಿ, ಆಧಾರ್, ಫೋಟೊ, ವಂಶವೃಕ್ಷ, ಎಲ್ಲ ಅದರೊಳಗೆ. ಯಾವ ಕಚೇರಿಯಲ್ಲಿ ಯಾವ ಕಾಗದ ಕೇಳುತ್ತಾರೋ ಹೇಳಲು ಬರುವುದಿಲ್ಲ. ಮನೆಯವರ ವಿವರ ಎಂದ ಕೂಡಲೇ ನಾನು ಠೀವಿಯಿಂದ ಸರ್ಕಾರಿ ಮೊಹರಿನ ವಂಶವೃಕ್ಷವನ್ನೇ ತೆಗೆದು ಮೇಜಿನ ಮೇಲಿಟ್ಟೆ. ಅಪ್ಪ ತೀರಿಕೊಂಡ ಮೇಲೆ ತೋಟದ ಖಾತೆ ನಮ್ಮ ಹೆಸರಿಗೆ ಮಾಡಿಸಲು ತೆಗೆಸಿದ್ದು. ಮೇಲೆ ಅಪ್ಪ, ಪಕ್ಕದಲ್ಲಿ ಅಮ್ಮ, ಕೆಳಗೆ ಎರಡು ಗೆರೆ. ಒಂದರ ತುದಿಯಲ್ಲಿ ಅಣ್ಣ, ಇನ್ನೊಂದರ ತುದಿಯಲ್ಲಿ ನಾನು. ಮುಗಿಯಿತು.

ತಂಗಿ ಅದರಲ್ಲಿಲ್ಲ. ಮರೆತು ಬಿಟ್ಟದ್ದಲ್ಲ. ಅವಳನ್ನು ಮದುವೆ ಮಾಡಿ ಕೊಟ್ಟಾಗಿದೆ, ಅವಳಿಗೇನು ಕಡಿಮೆ, ಹೆಸರು ಸೇರಿಸಿದರೆ ಪ್ರತಿ ಸಹಿಗೂ ಕಳಸಕ್ಕೆ ಅಲೆಯಬೇಕು ಎಂದು ಅಣ್ಣ ಹೇಳಿದ. ನಾನು ತಲೆಯಾಡಿಸಿದೆ. ಬೇರೆ ವಾರಸುದಾರರು ಯಾರೂ ಇಲ್ಲ ಎಂದು ಇಬ್ಬರೂ ಪ್ರಮಾಣ ಮಾಡಿ ಬರೆದುಕೊಟ್ಟೆವು. ನಮ್ಮಪ್ಪನೂ ತನ್ನ ಕಾಲದಲ್ಲಿ ತನ್ನ ಅಕ್ಕನನ್ನು ಹೀಗೇ ಬಿಟ್ಟಿದ್ದ. ನಮ್ಮ ಮನೆಯ ಕಾಗದಗಳನ್ನು ನಂಬುವುದಾದರೆ ಗಂಡಸರು ಗಂಡಸರನ್ನೇ ಹೆತ್ತುಕೊಂಡು ಬಂದಿದ್ದೇವೆ.

ಮೇಡಂ ಪತ್ರ ನೋಡಿಕೊಂಡು ಹಾಳೆಯ ಮೇಲೆ ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ ಹಾಕುತ್ತ ಹೋದರು. ನನ್ನ ಚೌಕದೊಳಗೆ ಕಪ್ಪು ತುಂಬಿದರು. ಆಮೇಲೆ ತಲೆಯೆತ್ತಿ, "ಅಕ್ಕತಂಗಿಯರು ಯಾರೂ ಇಲ್ವಾ ಸರ್?" ಎಂದರು.

ಜೊತೆಗೆ ಬಂದಿದ್ದ ಅಣ್ಣ ಪಕ್ಕದಲ್ಲೇ ಕೂತಿದ್ದ. ಅವನ ಕಾಲು ನನ್ನ ಕಾಲಿಗೆ ತಾಗಿತು. ಬೇಕೆಂದೇ ತಾಗಿಸಿದನೋ ಇಲ್ಲವೋ, ಇವತ್ತಿಗೂ ಕೇಳಿಲ್ಲ. ಇದ್ದಾಳೆ ಎಂದರೆ ಮೊಹರಿನ ಪತ್ರ ಸುಳ್ಳಾಗುತ್ತದೆ, ಅದೂ ಸುಳ್ಳು ಪ್ರಮಾಣ ಮಾಡಿದ ಇಬ್ಬರ ಎದುರಿಗೇ. ಆ ಹುಡುಗಿಗೆ ನಮ್ಮ ತೋಟದ ಖಾತೆಯಿಂದ ಆಗಬೇಕಾದ್ದು ಏನೂ ಇರಲಿಲ್ಲ ಎಂಬುದು ಆಗ ಹೊಳೆಯಲಿಲ್ಲ. ಜೊತೆಗೆ ಇನ್ನೊಂದು ಅಳುಕು, ತಂಗಿಗೆ ಗೊತ್ತಾದರೆ ಕಳಸ ಪೇಟೆಗೇ ಗೊತ್ತಾಗುತ್ತದೆ, ಅವಳ ಗಂಡನ ಅಂಗಡಿಯ ಕಟ್ಟೆಯ ಮೇಲೆ ನನ್ನ ಎದೆ ಚರ್ಚೆಗೆ ಬರುತ್ತದೆ ಎಂದು.

"ಇಲ್ಲ ಮೇಡಂ," ಎಂದೆ.

"ನಿಮ್ಮ ತಂದೆಗೆ?"

"ಇಲ್ಲ."

ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸಲೀಸಾಗಿ ಬಂತು. ಆ ಸೋದರತ್ತೆ ನನಗೆ ಚೆನ್ನಾಗಿ ನೆನಪಿದ್ದಾಳೆ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಬಂದು ನಮ್ಮ ಹಿಂದಿನ ಕೋಣೆಯಲ್ಲಿ ಮಲಗಿದವಳು ಮತ್ತೆ ಏಳಲಿಲ್ಲ. ಎದೆಯ ಹುಣ್ಣು ಎನ್ನುತ್ತಿದ್ದರು. ಸೊಪ್ಪು ಅರೆದು ಕಟ್ಟುತ್ತಿದ್ದರು. ಮಕ್ಕಳು ಒಳಗೆ ಹೋಗುವ ಹಾಗಿರಲಿಲ್ಲ, ನಾನು ಬಾಗಿಲ ಸಂದಿಯಿಂದ ನೋಡಿದ್ದೆ. ಅಷ್ಟೆಲ್ಲ ಗೊತ್ತಿದ್ದವನು ನಾನು.

ಕೆಲವು ವಾರ ಬಿಟ್ಟು ಫಲಿತಾಂಶ ಬಂತು. ಜೀನಿನಲ್ಲಿ ದೋಷ ಇತ್ತು. ಮೇಡಂ ತಾಳ್ಮೆಯಿಂದ ವಿವರಿಸಿದರು. ಇದು ಅಪ್ಪನಿಂದಲೋ ಅಮ್ಮನಿಂದಲೋ ಬಂದದ್ದು. ಒಡಹುಟ್ಟಿದವರಲ್ಲಿ, ಮಕ್ಕಳಲ್ಲಿ ಇರುವ ಸಂಭವ ಅರ್ಧಕ್ಕರ್ಧ. ಗಂಡಸರಿಗೆ ಅಪಾಯ ಕಡಿಮೆ, ಹೆಂಗಸರಿಗೆ ಬಹಳ ಹೆಚ್ಚು. ಹಿಂದೆ ಕಾಯಿಲೆ ಬಂದ ಮೇಲೆಯೇ ತಿಳಿಯುತ್ತಿತ್ತು, ಈಗ ಬರುವ ಮೊದಲೇ ಒಂದು ಟ್ಯೂಬು ರಕ್ತದಲ್ಲಿ ನೋಡಬಹುದು. ಗೊತ್ತಿದ್ದವರು ವರ್ಷ ವರ್ಷ ಸ್ಕ್ಯಾನ್ ಮಾಡಿಸಿ, ಸಾಸಿವೆಯಷ್ಟಿರುವಾಗಲೇ ಹಿಡಿಯಬಹುದು. ಈ ದೋಷ ಇದ್ದವರ ಕ್ಯಾನ್ಸರಿಗೆಂದೇ ಮಾತ್ರೆಗಳೂ ಬಂದಿವೆ.

"ನಿಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಲ್ಲ, ಒಂದು ರೀತಿಯಲ್ಲಿ ಒಳ್ಳೇದೇ ಆಯ್ತು ಸರ್," ಎಂದರು ಮೇಡಂ. ನಾನು ಹೂಂ ಎಂದೆ.

ರಕ್ತಸಂಬಂಧಿಗಳಿಗೆ ತೋರಿಸಲೆಂದು ಒಂದು ಪತ್ರವನ್ನೂ ಕೊಟ್ಟರು. ಅಣ್ಣ ಪರೀಕ್ಷೆ ಮಾಡಿಸಿಕೊಂಡ, ಮಗನೂ ಮಾಡಿಸಿಕೊಂಡ. ಇಬ್ಬರಲ್ಲೂ ಇರಲಿಲ್ಲ. ನಾವು ಮೂವರು ಗಂಡಸರು ನಿಟ್ಟುಸಿರು ಬಿಟ್ಟೆವು. ಪತ್ರ ನನ್ನ ಫೈಲಿಗೆ ಹೋಯಿತು, ವಂಶವೃಕ್ಷದ ಹಿಂದಕ್ಕೆ.

ಕಾಫಿ ಗಿಡದ ಕಾಂಡ ಕೊರೆಯುವ ಹುಳ ಇದೆ, ಬೋರರ್ ಎನ್ನುತ್ತೇವೆ. ಆ ವರ್ಷ ಹಿಂಗಾರಿನಲ್ಲಿ ಬೋರರ್ ಹುಡುಕಿಸುವಾಗ ಮೇಸ್ತ್ರಿಯ ಮೇಲೆ ರೇಗಾಡಿದ್ದು ನೆನಪಿದೆ. ಸೊರಗಿದ ಒಂದು ಗಿಡವನ್ನು ಕಿತ್ತು ಸುಟ್ಟು, ಪಕ್ಕದ ಗಿಡಗಳನ್ನು ನೋಡದೆ ಮುಂದೆ ಹೋಗಿದ್ದ. "ಒಂದಕ್ಕೆ ಬಂದ್ರೆ ಸುತ್ತ ಇರೋದನ್ನೆಲ್ಲ ತಡವಿ ನೋಡ್ಬೇಕು ಅಂತ ಎಷ್ಟು ಸಲ ಹೇಳ್ಬೇಕು ಮಾರಾಯ ನಿಂಗೆ?" ಎಂದು ಆಳುಗಳ ಎದುರಿಗೇ ಕೂಗಾಡಿದೆ. ಅವನು ಸುಮ್ಮನೆ ವಾಪಸ್ ಹೋಗಿ ಒಂದೊಂದೇ ಕಾಂಡ ಸವರಿ ನೋಡಿದ. ನಾನು ಮಾತ್ರ ನನ್ನ ಮಾತನ್ನು ಕೇಳಿಸಿಕೊಳ್ಳಲಿಲ್ಲ.

ಹೆಂಡತಿ ಬಿಡುತ್ತಿರಲಿಲ್ಲ. "ನಿಮ್ಮ ತಂಗಿಗೆ ಹೇಳ್ಬಿಡಿ ಇವ್ರೆ, ಅವಳಿಗೆ ಮಗಳು ಬೇರೆ ಇದಾಳೆ," ಎನ್ನುವಳು. ಹಬ್ಬಕ್ಕೆ ಬಂದಾಗ ಹೇಳ್ತೀನಿ ಎನ್ನುವೆ. ಗೌರಿ ಹಬ್ಬಕ್ಕೆ ಬಂದಳು, ಬಾಗಿನ ತಗೊಂಡು ಹೋದಳು. ದೀಪಾವಳಿಗೆ ಬಂದಳು. ಹೇಳಬೇಕೆಂದು ಹತ್ತಿರ ಹೋದಾಗಲೆಲ್ಲ ಆಸ್ಪತ್ರೆಯ ಪತ್ರದ ಜೊತೆ ಆ ವಂಶವೃಕ್ಷವೂ ಹೊರಗೆ ಬರುತ್ತದೆ ಎಂಬ ಹೆದರಿಕೆ. ತಾನೇ ಹೇಳುತ್ತೇನೆ ಎಂದ ಹೆಂಡತಿಯನ್ನೂ ಬಿಡಲಿಲ್ಲ. ಹೀಗೆ ಹದಿನಾಲ್ಕು ತಿಂಗಳು ಹೋಯಿತು.

ಮೇ ತಿಂಗಳ ಒಂದು ಬೆಳಿಗ್ಗೆ ತಂಗಿಯ ಫೋನು ಬಂತು. "ನಿನ್ನ ಗಡ್ಡೆ ತೆಗೆದ ಆಸ್ಪತ್ರೆಗೇ ಹೋಗಿದ್ದೆ ಅಣ್ಣಯ್ಯ. ನಂದು ಕೊಬ್ಬಿಂದಲ್ಲ ಅಂತೆ. ಎದೇದು. ಕಂಕುಳಿಗೂ ಹೋಗಿದೆಯಂತೆ." ಧ್ವನಿ ಎಂದಿನಂತೆಯೇ ಇತ್ತು. "ಮನೇಲಿ ಯಾರಿಗಾದ್ರೂ ಇತ್ತಾ ಅಂತ ಡಾಕ್ಟ್ರು ಕೇಳಿದ್ರು. ಅತ್ತೆ ಎಂಥದ್ರಿಂದ ಹೋದ್ರು ಅಂತ ನಂಗೆ ಗೊತ್ತಿಲ್ಲ, ಅವಾಗ ಸಣ್ಣೋಳು. ಬೇರೆ ಯಾರಿಗೂ ಇಲ್ಲ ಅಂದೆ. ಸರಿ ಅಲ್ವಾ?"

"ಇರು, ಬರ್ತೀನಿ," ಎಂದಷ್ಟೇ ಹೇಳಲು ಆಯಿತು.

ಕೊಟ್ಟಿಗೆಹಾರದ ಮೇಲೆ ಕಳಸ ಮುಟ್ಟುವವರೆಗೆ ಏನು ಹೇಳಬೇಕೆಂದು ಹೊಂದಿಸಿಕೊಳ್ಳುತ್ತಲೇ ಇದ್ದೆ. ಅವಳ ಮುಂದೆ ಕೂತಾಗ ಒಂದೂ ನೆನಪಾಗಲಿಲ್ಲ. ಪತ್ರವನ್ನು ಕೈಗೆ ಕೊಟ್ಟೆ. ಅದು ಇಂಗ್ಲಿಷಿನಲ್ಲಿತ್ತು, ಅವಳು ಮಗಳಿಗೆ ಕೊಟ್ಟಳು. ಇಪ್ಪತ್ತಾರು ವರ್ಷದ ಹುಡುಗಿ, ಅಲ್ಲೇ ಶಾಲೆಯಲ್ಲಿ ಟೀಚರು. ಓದುತ್ತ ಓದುತ್ತ ಅವಳ ಧ್ವನಿ ಸಣ್ಣದಾಯಿತು. ಕೊನೆಗೆ ಮೇಲೆ ಬರೆದಿದ್ದ ತಾರೀಖನ್ನು ಎರಡು ಸಲ ಓದಿದಳು.

"ಮಾವ, ಇದು ಹೋದ ವರ್ಷದ್ದು," ಎಂದಳು.

"ಹೌದಮ್ಮ."

ತಂಗಿ ಪತ್ರವನ್ನು ಮಗಳ ಕೈಯಿಂದ ತೆಗೆದುಕೊಂಡು ಮಡಚಿಟ್ಟಳು. ಆಮೇಲೆ, "ಅಂಗಿ ಬಿಚ್ಚು ಅಣ್ಣಯ್ಯ," ಎಂದಳು. ಬಿಚ್ಚಿದೆ. ಎಡಗಡೆ ಚಪ್ಪಟೆಯಾದ ಜಾಗವನ್ನೂ ಉದ್ದನೆಯ ಗಾಯದ ಗುರುತನ್ನೂ ನೋಡಿದಳು, ಬೆರಳ ತುದಿಯಿಂದ ಒಮ್ಮೆ ಮುಟ್ಟಿದಳು. "ಅವತ್ತು ಬ್ಯಾಂಡೇಜ್ ಬದಲಿಸೋಕೆ ಬಿಟ್ಟಿದ್ರೆ ಅವತ್ತೇ ಗೊತ್ತಾಗ್ತಿತ್ತು," ಎಂದಳು. ಬೈಯಲಿಲ್ಲ. ಬೈದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ.

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ. ತಂಗಿಯ ರಕ್ತದಲ್ಲೂ ಅದೇ ದೋಷ ಇತ್ತು. ಕೀಮೋ ಆಯಿತು, ಕೂದಲು ಹೋಗಿ ಮತ್ತೆ ಬಂತು, ಆಪರೇಷನ್ ಆಯಿತು. ಈಗ ಆ ಹೊಸ ಮಾತ್ರೆ ನುಂಗುತ್ತಿದ್ದಾಳೆ. ಡಾಕ್ಟರಿಗೆ ಭರವಸೆ ಇದೆ, ಆದರೆ ಗೆದ್ದಾಯಿತು ಎಂದು ಯಾರೂ ಹೇಳುವುದಿಲ್ಲ. ಅವಳ ಮಗಳಲ್ಲೂ ಇದೆ. ಅವಳು ವರ್ಷಕ್ಕೊಮ್ಮೆ ಘಾಟಿ ಇಳಿದು ಸ್ಕ್ಯಾನ್ ಮಾಡಿಸಿಕೊಂಡು ಬರಬೇಕು. ಅವಳಿಗಾದರೂ ಮೊದಲೇ ತಿಳಿಯಿತಲ್ಲ ಎಂದು ಜನ ಸಮಾಧಾನ ಹೇಳುತ್ತಾರೆ. ಆ ಸಮಾಧಾನ ತೆಗೆದುಕೊಳ್ಳುವ ಮುಖ ನನಗಿಲ್ಲ. ಖಾತೆ ಸರಿಪಡಿಸಲು ಅರ್ಜಿ ಕೊಟ್ಟಿದ್ದೇನೆ, ಅದಕ್ಕೂ ಯಾರೂ ನನ್ನ ಬೆನ್ನು ತಟ್ಟಬೇಕಾಗಿಲ್ಲ. ಹೋದ ಹದಿನಾಲ್ಕು ತಿಂಗಳು ಯಾವ ಅರ್ಜಿಗೂ ವಾಪಸ್ ಬರುವುದಿಲ್ಲ. ಆ ತಿಂಗಳುಗಳಲ್ಲೇ ಅವಳ ಗಂಟು ಕಂಕುಳಿಗೆ ಹೋದದ್ದು.

ಆದರೆ ಇದನ್ನು ಬರೆಯಲು ಕೂತದ್ದು ಅವಳ ರಕ್ತವನ್ನು ಪರೀಕ್ಷೆಗೆ ಕೊಡಲು ಹೋದ ದಿನಕ್ಕಾಗಿ. ಅದೇ ಕೋಣೆ, ಅದೇ ಮೇಡಂ. ತಂಗಿ, ಅವಳ ಮಗಳು, ನಾನು. ಮೇಡಂ ನನ್ನ ಗುರುತು ಹಿಡಿದು ಹಳೆಯ ಹಾಳೆ ತೆಗೆದರು. ಅದನ್ನು ನೋಡಿದರು, ತಂಗಿಯನ್ನು ನೋಡಿದರು, ಮತ್ತೆ ಹಾಳೆಯನ್ನು ನೋಡಿದರು.

"ಸರ್, ಇಲ್ಲಿ ಅಕ್ಕತಂಗಿಯರಿಲ್ಲ ಅಂತ ಇದೆ. ನೀವು ತಂದ ವಂಶವೃಕ್ಷ ನೋಡ್ಕೊಂಡೇ ಬರ್ದಿದ್ದು. ನಾನೇ ತಪ್ಪು ಬರ್ಕೊಂಡ್ನಾ?"

ಫೈಲು ತೊಡೆಯ ಮೇಲಿತ್ತು, ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ.

"ನಿಮ್ಮ ತಪ್ಪಲ್ಲ ಮೇಡಂ," ಎಂದಳು ತಂಗಿ. "ಆ ಪತ್ರ ನಾನೂ ನೋಡಿದೀನಿ. ಖಾತೆ ಆದ ವರ್ಷವೇ ನಮ್ಮೆಜಮಾನ್ರು ಒಂದು ಕಾಪಿ ತಂದು ತೋರ್ಸಿದ್ರು. ಅದ್ರಲ್ಲಿ ನಾನಿಲ್ಲ. ಈಗ ಬರ್ಕೊಳಿ."

ಖಾತೆಯಾಗಿ ಒಂಬತ್ತು ವರ್ಷ. ಅಷ್ಟೂ ವರ್ಷ ಹಬ್ಬಕ್ಕೆ ಬಂದು ಹೋದವಳು, ಎರಡು ಬಸ್ ಹತ್ತಿ ಇಳಿದು ಕಡುಬು ತಂದವಳು, ಎಲ್ಲ ಗೊತ್ತಿದ್ದೇ ಬಂದಿದ್ದಳು.

ಮೇಡಂ ಹೊಸ ಹಾಳೆ ತೆಗೆದುಕೊಂಡು ನಡುವೆ ಒಂದು ಸೊನ್ನೆ ಹಾಕಿ, ಅದರೊಳಗೆ ಕಪ್ಪು ತುಂಬಿದರು. "ನಿಮ್ಮ ಒಡಹುಟ್ಟಿದವರು ಎಷ್ಟು ಜನ ಅಮ್ಮ?" ಎಂದು ಕೇಳಿದರು.

"ಇಬ್ಬರು ಅಣ್ಣಂದಿರು," ಎಂದಳು. ಯೋಚಿಸಲಿಲ್ಲ, ನನ್ನ ಕಡೆ ತಿರುಗಿ ನೋಡಲೂ ಇಲ್ಲ. "ಒಬ್ರು ಇಲ್ಲೇ ಕೂತಿದಾರೆ."