ನಮ್ಮ ಫ್ಲ್ಯಾಗ್ ಫುಟ್‌ಬಾಲ್ ಮೇಡಂ

ಮೇಡಂ ಅವರ ಬಲಗೈ ಕಿರುಬೆರಳು ಹೊರಗಡೆಗೆ ಸೊಟ್ಟಗಾಗಿತ್ತು. ಚೆಂಡು ಬಡಿದು ಮುರಿದದ್ದಂತೆ. ಊಟಕ್ಕೆ ಕೂತರೆ ಅದೊಂದು ಬೆರಳು ಅನ್ನಕ್ಕೆ ತಾಗದೆ ಪಕ್ಕಕ್ಕೆ ಚಾಚಿಕೊಂಡಿರುತ್ತಿತ್ತು. ಸುತ್ತ ಡಾಕ್ಟರುಗಳೇ ಇದ್ದರೂ ಸರಿಮಾಡಿಸಿಕೊಳ್ಳಲಿಲ್ಲ, ಹಟಮಾರಿ ಹೆಂಗಸು. ಉಡುಪಿಯವರು. ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಶನಿವಾರ ಬಂತೆಂದರೆ ಒಂದು ಡಬ್ಬಿ ಬನ್ಸ್ ಕರಿದುಕೊಂಡು, ಕಾರು ಹತ್ತಿ, ನಮಗೆ ಫ್ಲ್ಯಾಗ್ ಫುಟ್‌ಬಾಲ್ ಕಲಿಸಲು ಪುತ್ರಜಯಾಕ್ಕೆ ಬಂದುಬಿಡುತ್ತಿದ್ದರು.

ಬ್ಯಾಡ್ಮಿಂಟನ್ ಎಂದರೆ ಪ್ರಾಣ ಬಿಡುವ ಈ ದೇಶದಲ್ಲಿ ನಮ್ಮ ಆಟ ಯಾವುದೆಂದು ವಿವರಿಸುವುದೇ ಒಂದು ಕೆಲಸ. ಅಮೆರಿಕದವರು ಒಬ್ಬರ ಮೇಲೊಬ್ಬರು ಬಿದ್ದು ಆಡುತ್ತಾರಲ್ಲ, ಆ ಫುಟ್‌ಬಾಲಿನ ತಮ್ಮ ಇದು. ಇಲ್ಲಿ ಮೈಮೇಲೆ ಬೀಳುವಂತಿಲ್ಲ. ಎಲ್ಲರ ಸೊಂಟದ ಬೆಲ್ಟಿನಲ್ಲೂ ಪಟ್ಟಿಗಳು ನೇತಾಡುತ್ತವೆ. ಚೆಂಡು ಹಿಡಿದು ಎದುರು ತುದಿಯ ಗೆರೆ ದಾಟಿದರೆ ಅಂಕ; ಅಷ್ಟರೊಳಗೆ ಓಡುವವಳ ಪಟ್ಟಿಯನ್ನು ಎದುರಾಳಿ ಕಿತ್ತರೆ ಓಟ ಅಲ್ಲಿಗೆ ಮುಗಿಯಿತು. ಓಡುವವಳು ತನ್ನ ಪಟ್ಟಿಗೆ ಕೈ ಅಡ್ಡ ಇಟ್ಟರೆ ಫೌಲು. ಒಲಿಂಪಿಕ್ಸ್‌ಗೆ ಸೇರಿದೆ ಎಂಬ ಸುದ್ದಿ ಬಂದ ಮೇಲಷ್ಟೇ ಮೈದಾನದ ಹುಡುಗರು ನಮಗೆ ಒಂದಿಷ್ಟು ಜಾಗ ಬಿಟ್ಟದ್ದು.

ಆ ಫೌಲೇ ನನ್ನ ಹಣೆಬರಹವಾಯಿತು. ತಂಡದಲ್ಲಿ ಎಲ್ಲರಿಗಿಂತ ಜೋರಾಗಿ ಓಡುವವಳು ನಾನೇ, ಅಷ್ಟು ಜಂಬ ನನಗಿದೆ. ಆದರೆ ಯಾರದಾದರೂ ಕೈ ಸೊಂಟದ ಹತ್ತಿರ ಬಂದರೆ ಸಾಕು, ನನ್ನ ಎಡಗೈ ತಾನಾಗಿ ಕೆಳಗಿಳಿದು ಪಟ್ಟಿಯನ್ನು ಒತ್ತಿ ಹಿಡಿಯುತ್ತಿತ್ತು. ಮೊದಲ ಪಂದ್ಯಾವಳಿಯಲ್ಲಿ ನಾನು ಗೆರೆ ದಾಟಿದ್ದೂ ಇದರಿಂದಲೇ ರದ್ದಾಗಿ ಸೋತೆವು. ಇನ್ನು ಮೇಲೆ ಇವಳಿಗೆ ಚೆಂಡು ಕೊಡಬೇಡಿ ಲಾ ಎಂದು ತಂಡದ ತಮಿಳು ಗೆಳತಿ, ಇಲ್ಲಿಯವರ ಹಾಗೆ ಮಾತಿಗೊಂದು ‘ಲಾ’ ಸೇರಿಸಿ, ಎಲ್ಲರೆದುರೇ ಅಂದುಬಿಟ್ಟಳು. ಸೈಬರ್‌ಜಯಾದ ಆಫೀಸು, ಅದು ಬಿಟ್ಟರೆ ಮನೆ. ವಾರದಲ್ಲಿ ನನ್ನದು ಅಂತ ಇದ್ದದ್ದು ಆ ಮೈದಾನವೊಂದೇ. ಆದರೂ ಬಿಟ್ಟುಬಿಡುತ್ತೇನೆಂದು ಅವತ್ತು ತಮಿಳು ಮುಸ್ಲಿಮರು ನಡೆಸುವ ಮಾಮಕ್ ಹೋಟೆಲಿನಲ್ಲಿ ಟೀ ಕುಡಿಯುತ್ತಾ ಮೇಡಂಗೆ ಹೇಳಿದೆ.

ಅವರು ಆಟದ ಮಾತೇ ಎತ್ತಲಿಲ್ಲ. ಮೈಸೂರಿನಲ್ಲಿ ಕಾಲೇಜಿಗೆ ಹೇಗೆ ಹೋಗುತ್ತಿದ್ದೆ ಎಂದು ಕೇಳಿದರು. ಸಿಟಿ ಬಸ್ಸಿನಲ್ಲಿ, ನಿಂತುಕೊಂಡು, ಎಂದೆ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ದುಪಟ್ಟಾ ಸೊಂಟಕ್ಕೆ ಒತ್ತಿಕೊಂಡು ತಾನೆ, ಎಂದರು. ಹೌದೆಂದು ತಲೆಯಾಡಿಸಿದೆ.

“ನಾನೂ ಹಾಗೇ ನಿಂತವಳು. ನಿನ್ನನ್ನು ಇಷ್ಟು ವರ್ಷ ಕಾದ ಕೈ ಮಾರಾಯ್ತಿ ಅದು. ಅದಕ್ಕೆ ಬೈಬೇಡ, ಬೇರೆ ಕೆಲಸ ಕೊಡು.”

ನನಗೆ ಅಳುವೇ ಬಂದುಬಿಟ್ಟಿತು. ಆ ಬಸ್ಸಿನ ಬಗ್ಗೆ ನಾನು ಯಾರಿಗೂ ಏನೂ ಹೇಳಿರಲಿಲ್ಲ.

ಮುಂದಿನ ಶನಿವಾರದಿಂದ ಚೆಂಡನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಓಡುವುದೇ ನನ್ನ ಪಾಠ. ಐವತ್ತು ದಾಟಿದ ಮೇಡಂ ಏದುಸಿರು ಬಿಡುತ್ತಾ ಹಿಂದಿನಿಂದ ಬಂದು ಪಟ್ಟಿ ಕೀಳುವರು. ಕಿತ್ತಾಗಲೆಲ್ಲ ಅದನ್ನು ನನ್ನ ಮುಖದೆದುರು ಆಡಿಸಿ, “ಹೋಯ್ತಲ್ಲ? ಎಂತ ಆಯ್ತು ಈಗ?” ಎಂದು ಕೇಳುವರು. ಏನೂ ಆಗಿಲ್ಲ ಎಂದು ನಾನು ಬಾಯಿಬಿಟ್ಟು ಹೇಳುವ ತನಕ ಪಟ್ಟಿ ವಾಪಸ್ಸು ಕೊಡುತ್ತಿರಲಿಲ್ಲ.

ಮರುವರ್ಷದ ಪಂದ್ಯಾವಳಿಗೆ ಮೇಡಂ ಬರಲಿಲ್ಲ. ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೇ ಬಲಿತಿತ್ತು, ಮೆಲಾಕಾದ ಆಸ್ಪತ್ರೆಯಲ್ಲಿ ಮಲಗಿದ್ದರು. ಕೊನೆಯ ಆಟದಲ್ಲಿ ಚೆಂಡು ಇವಳಿಗೇ ಕೊಡಿ ಎಂದು ತಮಿಳು ಗೆಳತಿಗೆ ಅಲ್ಲಿಂದಲೇ ಫೋನು ಮಾಡಿದ್ದರಂತೆ. ಅವಳಿಗೆ ಇಷ್ಟವಿರಲಿಲ್ಲ, ಆದರೂ ಕೊಟ್ಟಳು. ಓಡಿದೆ. ಗೆರೆ ಇನ್ನೇನು ಸಿಕ್ಕಿತು ಅನ್ನುವಾಗ ಪಕ್ಕದಿಂದ ಒಂದು ಕೈ ಸೊಂಟಕ್ಕೆ ಬಂದು ಪಟ್ಟಿ ಕಿತ್ತುಕೊಂಡಿತು. ಸೋತೆವು.

ಸಂಜೆ ಫೋನು ಮಾಡಿದರೆ ಮೇಡಂ ಸ್ಕೋರು ಕೇಳಲೇ ಇಲ್ಲ.

“ಕೈ ಎಲ್ಲಿತ್ತು?”

“ಎರಡೂ ಚೆಂಡಿನ ಮೇಲೇ ಇತ್ತು ಮೇಡಂ. ಆದ್ರೂ ಸೋತ್ವಿ.”

“ಸೋಲು ಬಿಡು. ನೀನು ಕೈ ಕೆಳಗಿಳಿಸ್ಲಿಲ್ಲ ಅಲ್ವಾ,” ಎಂದು ಕೆಮ್ಮು ಬರುವವರೆಗೂ ನಕ್ಕರು. ಅದೇ ನನ್ನ ಜೊತೆ ಅವರ ಕೊನೆಯ ಮಾತು. ಆ ವಾರವೇ ತೀರಿಕೊಂಡರು.

ಮೈ ಕಾಪಾಡಿಕೊಳ್ಳುವುದನ್ನು ನನಗೆ ಅಮ್ಮ, ಅಜ್ಜಿ, ಅಕ್ಕಪಕ್ಕದವರು ಎಲ್ಲರೂ ಕಲಿಸಿದ್ದರು. ಕಾಪಾಡಿಕೊಳ್ಳದೆಯೂ ಓಡಬಹುದು ಎಂದು ಹೇಳಿಕೊಟ್ಟವರು ಅವರೊಬ್ಬರೇ.