ಬೂರ್ಬನ್ನು, ಬಿಸ್ಕತ್ತು, ಬ್ಯಾಟರಿ ನೀರು

ನಮ್ಮವ್ವ ವಿಸ್ಕಿ ಕಾರ್ಖಾನೆಯ ಗೇಟು ದಾಟುವುದು ಈ ಜನ್ಮದಲ್ಲಿ ಆಗದ ಮಾತು ಎಂದು ಹೇಳಿದವನು ಚಿಕ್ಕಪ್ಪ ರುದ್ರಪ್ಪ. ಅಜ್ಜಂಪುರದಲ್ಲಿ ಈರುಳ್ಳಿ ವ್ಯಾಪಾರ ಮಾಡುವ ಅವನ ಮಾತಿಗೆ ಸಿಪ್ಪೆ ಹೆಚ್ಚು. ಆದರೆ ಇದನ್ನು ಮಾತ್ರ ಸುಲಿದೇ ಹೇಳಿದ್ದ. “ಅತ್ತಿಗೆ ಆ ಕಂಪ್ನಿ ಒಳಕ್ಕೆ ಕಾಲಿಟ್ರೆ ನಾನು ಮೀಸೆ ಬೋಳಿಸ್ಕೊಂಡು ಸಂತೇಲಿ ತಿರುಗ್ತೀನಿ ಕಣೋ.” ದಿನಕ್ಕೆ ಮೂರು ಸಲ ಮೀಸೆಗೆ ಬಾಚಣಿಗೆ ಆಡಿಸುವವನು ಹೀಗೆ ಹೇಳಬೇಕಾದರೆ ಅವನಿಗೆ ಎಷ್ಟು ಧೈರ್ಯವಿತ್ತೆಂದು ನೀವೇ ಲೆಕ್ಕ ಹಾಕಿ.

ಅವನದೇನೂ ತಪ್ಪಿಲ್ಲ. ನಮ್ಮದು ಹಿರೇನಲ್ಲೂರಿನ ಹತ್ತಿರದ ಊರು. ಕೊರಳಲ್ಲಿ ಲಿಂಗ ಕಟ್ಟುವ, ವರ್ಷಕ್ಕೊಮ್ಮೆ ಮಠಕ್ಕೆ ತೆಂಗಿನಕಾಯಿ ಕಳಿಸುವ ಮನೆ. ನಮ್ಮಲ್ಲಿ ಕೆಮ್ಮಿನ ಔಷಧಿಯನ್ನೂ ಮೂಸಿ ನೋಡಿಯೇ ಕುಡಿಯುವುದು. ಅಂಥ ಮನೆಯ ಮೊದಲ ಪದವೀಧರ ನಾನು. ಎಲ್ಲಿಯಾದರೂ ಸರಿ, ಯಾವ ವಿಷಯಕ್ಕಾದರೂ ಸರಿ, ಇದನ್ನೊಂದು ಸಲ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಕಡೂರಿನಲ್ಲಿ ಬಿ.ಎಸ್ಸಿ., ಆಮೇಲೆ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಹದಿನೇಳು ವರ್ಷ ಓದಿ ನಾನು ಹಿಡಿದದ್ದು ಉಗಿಯುವ ಉದ್ಯೋಗ. ತಮಾಷೆಯಲ್ಲ. ಡಿಸ್ಟಿಲರಿಯ ಲ್ಯಾಬಿನಲ್ಲಿ ಸಾಲಾಗಿ ಇಟ್ಟ ಗ್ಲಾಸುಗಳನ್ನು ಮೂಸುವುದು, ಒಂದು ಗುಟುಕು ಬಾಯಿಗೆ ಹಾಕಿಕೊಂಡು ನಾಲಿಗೆಯ ಮೇಲೆ ಉರುಳಿಸುವುದು, ಉಗಿಯುವುದು, ಬರೆಯುವುದು. ನುಂಗುವವನಿಗೆ ಅಲ್ಲಿ ಕೆಲಸವಿಲ್ಲ.

ಹೀಗೆ ಮೂಸಿ ಉಗಿದು ನನಗೆ ಪ್ರೀತಿ ಹುಟ್ಟಿದ್ದು ನಮ್ಮದೇ ಕಂಪನಿಯ ಮಾಲಿನ ಮೇಲಲ್ಲ, ಬೂರ್ಬನ್ ಎಂಬ ಅಮೆರಿಕದ ವಿಸ್ಕಿಯ ಮೇಲೆ. ಹೋಲಿಸಿ ನೋಡಲೆಂದು ಲ್ಯಾಬಿನ ಬೀರುವಿನಲ್ಲಿ ಕೆಲವು ಬಾಟಲಿ ಇಟ್ಟಿರುತ್ತಾರೆ. ಅವುಗಳಲ್ಲಿ ಮೂರು ನನಗೆ ಇಷ್ಟ. ಹೆಸರು ಹೇಳಿದರೆ ಜಾಹೀರಾತು ಎನ್ನುತ್ತೀರಿ, ಬೇಡ. ಒಂದಕ್ಕೆ ಗೋಧಿ ಬೆರೆಸಿರುತ್ತಾರೆ, ಅದು ಸೊಸೆಯ ಮುಂದೆ ಮಾತಾಡುವ ಮಾವನಂತೆ ಮೆತ್ತಗೆ. ಇನ್ನೊಂದಕ್ಕೆ ರೈ ಎಂಬ ಧಾನ್ಯ ಹೆಚ್ಚು, ಅದು ಮೆಣಸಿನ ಸಾರಿನ ಜಾತಿ. ಮೂರನೆಯದು ನೀರೇ ಸೇರಿಸದ್ದು, ನಮ್ಮ ಚಿಕ್ಕಪ್ಪನ ಸ್ವಭಾವ, ಹತ್ತಿರ ಹೋದರೆ ಕಣ್ಣಲ್ಲಿ ನೀರು. ಮೂರಕ್ಕೂ ಮೂಲ ಮಾತ್ರ ಮುಸುಕಿನ ಜೋಳ. ನೂರಕ್ಕೆ ಐವತ್ತೊಂದು ಪಾಲಾದರೂ ಜೋಳವಿರದಿದ್ದರೆ ಅದನ್ನು ಬೂರ್ಬನ್ ಎನ್ನುವಂತಿಲ್ಲ, ಅಲ್ಲಿಯ ಕಾನೂನು. ಕಡೂರಿನ ರಸ್ತೆಯುದ್ದಕ್ಕೂ ಸುಗ್ಗಿಯಲ್ಲಿ ಡಾಂಬರಿನ ಮೇಲೆ ಹರವಿ ಒಣಗಿಸಿ, ಕೋಳಿ ಫಾರಮ್ಮಿಗೆ ತುಂಬಿ ಕಳಿಸುತ್ತೇವಲ್ಲ, ಅದೇ ಜೋಳ. ನಮ್ಮಲ್ಲಿ ಕೋಳಿ ತಿನ್ನುವುದನ್ನು ಅಲ್ಲಿ ಸಾಹುಕಾರರು ಕುಡಿಯುತ್ತಾರೆ.

ಆದರೆ ನನ್ನನ್ನು ಹಿಡಿದದ್ದು ಜೋಳವಲ್ಲ. ಮೊದಲ ಸಲ ಆ ಗೋಧಿಯ ಬಾಟಲಿ ತೆರೆದು ಮೂಗಿಗೆ ಹಿಡಿದಾಗ ನಮ್ಮ ಮನೆಯ ಅಟ್ಟದ ವಾಸನೆ ಬಂತು. ಕೊಬ್ಬರಿಯ ಅಟ್ಟ. ಬಲಿತ ಕಾಯಿಗಳನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತೇವೆ. ಕೆಳಗಿನ ಒಲೆಯ ಹೊಗೆ, ಹೆಂಚಿನ ಕಾವು, ಒಳಗೇ ಇಂಗುವ ನೀರು. ಅಪ್ಪ ಏಣಿ ಹತ್ತಿ ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ “ಇನ್ನೂ ನೀರೈತೆ”, “ಇದಾಗೈತೆ” ಎನ್ನುತ್ತಿದ್ದ. ಮನೆಯಲ್ಲಿ ಬೇರೆ ಯಾರಿಗೂ ಅಟ್ಟ ಹತ್ತಲು ಬಿಡುತ್ತಿರಲಿಲ್ಲ. ನಾನು ಏಣಿಯ ಕೊನೆಯ ಮೆಟ್ಟಿಲಿನಲ್ಲಿ ನಿಂತು ತಲೆ ಮಾತ್ರ ಮೇಲೆ ತೂರಿಸುತ್ತಿದ್ದೆ. ಬೂರ್ಬನ್ನನ್ನು ಇಡುವ ಓಕ್ ಮರದ ಪೀಪಾಯಿಯಲ್ಲಿ ಕೊಬ್ಬರಿಯ ವಾಸನೆ ಕೊಡುವ ಒಂದು ವಸ್ತು ಇದೆಯೆಂದೂ ಅದರ ಅಣುವಿನ ಚಿತ್ರ ಹೀಗೆಂದೂ ನಾನು ನಿಮಗೆ ಬರೆದು ತೋರಿಸಬಲ್ಲೆ. ಆ ದಿನ ಅದೊಂದೂ ನೆನಪಾಗಲಿಲ್ಲ. ಉಗಿಯುವುದನ್ನು ಮರೆತು ನುಂಗಿಬಿಟ್ಟೆ.

ಇದನ್ನು ಅಪ್ಪನಿಗೆ ಹೇಳಬೇಕಿತ್ತು. ಹೇಳುವ ಹಾಗಿರಲಿಲ್ಲ. ಯಾಕೆಂದರೆ ಅಪ್ಪನ ಲೆಕ್ಕದಲ್ಲಿ ನಾನು ಬ್ಯಾಟರಿ ನೀರಿನ ಫ್ಯಾಕ್ಟರಿಯಲ್ಲಿದ್ದೆ.

ಕೆಲಸ ಸಿಕ್ಕ ದಿನ ಮನೆಗೆ ಫೋನು ಮಾಡಿ “ಡಿಸ್ಟಿಲರೀಲಿ ಕೆಲ್ಸ ಆಯ್ತಪ್ಪ” ಎಂದೆ. ಅಪ್ಪನಿಗೆ ಗೊತ್ತಿದ್ದದ್ದು ಟ್ರ್ಯಾಕ್ಟರಿನ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದೇ. “ಒಳ್ಳೇದಾಯ್ತು ಬಿಡು, ಬ್ಯಾಟ್ರಿ ಇಲ್ದೆ ಇನ್ಮೇಲೆ ಯಾವ್ದು ಓಡ್ತದೆ?” ಎಂದ. ಆ ಕ್ಷಣ ತಿದ್ದಬೇಕಿತ್ತು. ನಾನು “ಹೂಂ” ಎಂದೆ. ಆ ಒಂದು ಹೂಂ ಆರು ವರ್ಷ ಬಾಳಿತು. ಅಪ್ಪ ಊರಿಗೆಲ್ಲ ಹೇಳಿದ. ಪ್ರತಿ ಸಲ “ಬರ್ತಾ ಒಂದ್ ಕ್ಯಾನು ತಾರೋ” ಎನ್ನುತ್ತಿದ್ದ. ನಾನು ತರೀಕೆರೆಯಲ್ಲಿ ಬಸ್ಸು ಬದಲಿಸುವಾಗ ಸ್ಟ್ಯಾಂಡಿನ ಎದುರಿನ ಬ್ಯಾಟರಿ ಅಂಗಡಿಯಲ್ಲಿ ಒಂದು ಕ್ಯಾನು ಕೊಂಡು, ಚೀಟಿ ಕಿತ್ತು, ಮಗನ ಕಾರ್ಖಾನೆಯ ನೀರೆಂದು ಕೊಡುತ್ತಿದ್ದೆ. ಅಪ್ಪ ಅದನ್ನು ಪಕ್ಕದ ತೋಟದವರಿಗೂ ಹಂಚುತ್ತಿದ್ದ. “ಅಂಗ್ಡೀದ್ಕಿಂತ ಇದು ಬಾಳಿಕೆ ಬತ್ತದೆ ಕಣ್ರೀ” ಎಂದು ಹೇಳುವುದನ್ನು ನಾನೇ ಕೇಳಿದ್ದೇನೆ.

ಒಂದು ಸಲ ಮನೆಯಲ್ಲಿದ್ದಾಗ ಫೋನಿನಲ್ಲಿ ಗೆಳೆಯನೊಬ್ಬನಿಗೆ “ನಂಗೆ ಬೂರ್ಬನ್ನೇ ಇಷ್ಟ ಮಾರಾಯ” ಎಂದದ್ದು ಅಪ್ಪನ ಕಿವಿಗೆ ಬಿತ್ತು. ಮಾರನೆಯ ದಿನ ಕಡೂರಿಗೆ ಹೋದವನು ಎರಡು ಪೊಟ್ಟಣ ಬೂರ್ಬನ್ ಬಿಸ್ಕತ್ತು ತಂದ. ಚಾಕಲೇಟ್ ಕ್ರೀಮಿನದು, ಮೇಲೆ ಸಕ್ಕರೆ ಉದುರಿಸಿದ್ದು. ಅಲ್ಲಿಂದ ಮುಂದೆ ನಾನು ಊರಿಗೆ ಹೋದಾಗಲೆಲ್ಲ ಎರಡು ಪೊಟ್ಟಣ. “ನಿನ್ನಿಷ್ಟದ್ದು ತಿನ್ನಪ್ಪ, ಅಲ್ಲೆಲ್ಲಿ ಟೈಮ್ ಸಿಕ್ತದೆ.” ತಿಂದೆ. ನನಗೆ ಆ ಬಿಸ್ಕತ್ತು ಸೇರುವುದಿಲ್ಲ. ಅದನ್ನೂ ಹೇಳಲಿಲ್ಲ.

ಅಪ್ಪನಿಗೆ ಇದ್ದ ಆಸೆ ಒಂದೇ. “ನಿನ್ ಫ್ಯಾಕ್ಟ್ರಿ ಒಂದಿನ ತೋರ್ಸೋ.” ಒಳಗೆ ಹೊರಗಿನವರನ್ನು ಬಿಡುವುದಿಲ್ಲ ಎನ್ನುತ್ತಿದ್ದೆ. ಈಗ ಕೇಳಿ. ನಮ್ಮ ಕಂಪನಿಯಲ್ಲಿ ಶನಿವಾರ ಶನಿವಾರ ಹೊರಗಿನವರಿಗೆ ಕಾರ್ಖಾನೆ ತೋರಿಸುತ್ತಾರೆ. ಧಾನ್ಯ ನೆನೆಸುವಲ್ಲಿಂದ ಪೀಪಾಯಿಯ ಗೋದಾಮಿನವರೆಗೆ ಸುತ್ತಿಸಿ, ಮೂಸಲು ಕೊಟ್ಟು, ಕೊನೆಯಲ್ಲಿ ಪ್ರತಿಯೊಬ್ಬರಿಗೂ ಹೆಸರು ಬರೆದ ಸರ್ಟಿಫಿಕೇಟು. ಕನ್ನಡ ಚೆನ್ನಾಗಿ ಮಾತಾಡುತ್ತಾನೆಂದು ಆ ಕೆಲಸವನ್ನು ನನಗೇ ಕೊಟ್ಟಿದ್ದರು. ಗುರುತಿಲ್ಲದ ಎಷ್ಟೋ ಅಪ್ಪಂದಿರ ಕೈ ಹಿಡಿದು ಏಣಿ ಹತ್ತಿಸಿದ್ದೇನೆ.

ನನಗೆ ಬೇರೆಯವರ ಡಿಸ್ಟಿಲರಿ ನೋಡುವ ಹುಚ್ಚೂ ಇದೆ. ರಜೆ ಸಿಕ್ಕರೆ ಜನ ಧರ್ಮಸ್ಥಳಕ್ಕೆ ಹೋಗುತ್ತಾರೆ, ನಾನು ಹೊಗೆಕೊಳವೆ ಕಂಡ ಕಡೆ ಇಳಿಯುತ್ತೇನೆ. ಹಳೆಯ ಪೀಪಾಯಿ ಆರಿಸಲು ಕಂಪನಿ ಒಮ್ಮೆ ಹತ್ತು ದಿನ ಅಮೆರಿಕದ ಕೆಂಟಕಿಗೆ ಕಳಿಸಿತ್ತು. ಬೂರ್ಬನ್ ಮಾಡುವವರು ಹೊಸ ಪೀಪಾಯಿಯನ್ನು ಒಳಗೆ ಸುಟ್ಟು ಒಂದೇ ಸಲ ಬಳಸುತ್ತಾರೆ, ಆಮೇಲೆ ನಮ್ಮಂಥವರಿಗೆ ಮಾರುತ್ತಾರೆ. ಅಲ್ಲಿ ಒಂದು ಸಣ್ಣ ಡಿಸ್ಟಿಲರಿಯಲ್ಲಿ ನಮ್ಮನ್ನು ಸುತ್ತಿಸಿದವನು, ಗೋದಾಮಿನ ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿದ್ದ ಮುದುಕನನ್ನು ತೋರಿಸಿ, ಇವರು ನನ್ನ ಅಪ್ಪ ಎಂದ. ಎಲ್ಲ ಯಂತ್ರಗಳನ್ನು ತೋರಿಸಿದ್ದಕ್ಕಿಂತ ಹೆಚ್ಚು ಗರ್ವದಿಂದ ತೋರಿಸಿದ. ನಾವು ಕೈ ಕುಲುಕಿದೆವು.

ವಾಪಸು ಬಂದವನೇ ಫೋನು ಮಾಡಿದೆ. “ಬರೋ ತಿಂಗ್ಳು ಬಾರಪ್ಪ, ಫ್ಯಾಕ್ಟ್ರಿ ತೋರಿಸ್ತೀನಿ.” ಗೇಟಿನಲ್ಲಿ ನಿಲ್ಲಿಸಿಕೊಂಡು ನಿಜ ಹೇಳುವುದೆಂದು ತೀರ್ಮಾನಿಸಿದ್ದೆ. ಅಪ್ಪ “ಬಿಡ್ತಾರಾ?” ಎಂದ. ಬಿಡುತ್ತಾರೆ ಎಂದೆ. “ಹಂಗಾದ್ರೆ ಕಾಯಿ ಕೀಳ್ಸಿ ಬತ್ತೀನಿ.” ಕಾಯಿ ಕೀಳಿಸಿದ. ಅವನ್ನು ಅಟ್ಟಕ್ಕೆ ಹಾಕಿದ ಮಾರನೆಯ ಬೆಳಗ್ಗೆ ಎದೆ ನೋವು ಎಂದ. ಕಡೂರು ಮುಟ್ಟುವಷ್ಟರಲ್ಲಿ ಮುಗಿದಿತ್ತು.

ತಿಥಿಗೆ ನನ್ನ ಜೊತೆ ಕೆಲಸ ಮಾಡುವವರು ಬಂದರು, ಕಂಪನಿಯ ವ್ಯಾನಿನಲ್ಲಿ. ವ್ಯಾನಿನ ಮೈಮೇಲೆ ಅಷ್ಟುದ್ದ ಹೆಸರು. ಚಿಕ್ಕಪ್ಪ ಓದಿದ. “ಲೇ, ಇದು ಎಣ್ಣೆ ಕಂಪ್ನಿ ಅಲ್ವೇನೋ?” ಊಟದ ಪಂಕ್ತಿಯಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ಎಲ್ಲರೂ ಹೋದ ಮೇಲೆ ಅವ್ವ ಕೇಳಿದ್ದು ಒಂದೇ ಮಾತು. “ಅವ್ರಿಗೆ ಗೊತ್ತಿತ್ತಾ?” ಇಲ್ಲ ಎಂದೆ. ಅವಳು ಎದ್ದು ಹೋಗಿ ಪಾತ್ರೆ ತೊಳೆಯಲು ಕೂತಳು. ಬೈದಿದ್ದರೆ ಅಷ್ಟಕ್ಕೆ ಮುಗಿಯುತ್ತಿತ್ತು. ಅಂದಿನಿಂದ ಒಂದೂವರೆ ವರ್ಷ ನಾನು ಊರಿಗೆ ಹೋದಾಗ ಅಡಿಗೆ ಮಾಡಿ ಹಾಕಿದಳು, ಮೈ ಹುಷಾರಾ ಎಂದಳು. ಕೆಲಸ ಹೇಗಿದೆ ಎಂದು ಕೇಳಲಿಲ್ಲ. ಚಿಕ್ಕಪ್ಪ ಮೀಸೆಯ ಪಣ ಕಟ್ಟಿದ್ದು ಈ ದಿನಗಳಲ್ಲೇ.

ಕಳೆದ ತಿಂಗಳು ಅವಳೇ ಫೋನು ಮಾಡಿದಳು. ಅಪ್ಪನ ಹೆಸರಿನ ತೋಟವನ್ನು ತನ್ನ ಹೆಸರಿಗೆ ಮಾಡಿಸಲು ಕಚೇರಿಗೆ ಹೋಗಿದ್ದಳಂತೆ. ಅಲ್ಲಿಯ ಗುಮಾಸ್ತೆ ಮಗ ಏನು ಕೆಲಸದಲ್ಲಿದ್ದಾನೆ ಎಂದು ಕೇಳಿದಳಂತೆ. “ಬಾಯಿಗೆ ಬರ್ಲಿಲ್ಲ ಕಣೋ. ನೀರಿನ ಫ್ಯಾಕ್ಟ್ರಿ ಅನ್ನಕ್ಕೆ ಸುಳ್ಳು, ಇನ್ನೊಂದು ನಾನು ನೋಡಿಲ್ಲ. ಒಂದ್ಸಲ ತೋರ್ಸಿಬಿಡು, ಏನಾದ್ರೂ ಒಂದು ಹೇಳ್ಬೇಕಲ್ಲ ಜನಕ್ಕೆ.”

ಶನಿವಾರ ಬಂದರು. ಚಿಕ್ಕಪ್ಪನೇ ಕರೆತಂದ. ಗೇಟಿನಲ್ಲಿ ಅವ್ವ ಚಪ್ಪಲಿ ಬಿಡಲು ಹೋದಳು. ಬೇಡ ಎಂದೆ. ಒಳಗೆ ಬಂದ ಮೇಲೆ ಚಿಕ್ಕಪ್ಪ ಮೀಸೆಯ ಮೇಲೆ ಕೈಯಿಟ್ಟುಕೊಂಡ. “ಇರ್ಲಿ ಬಿಡಪ್ಪ, ಅದಿಲ್ದಿದ್ರೆ ನಿನ್ನ ಸಂತೇಲಿ ಯಾರು ಗುರ್ತು ಹಿಡಿತಾರೆ” ಎಂದಳು ಅವ್ವ. ತಾಮ್ರದ ದೊಡ್ಡ ಪಾತ್ರೆಯನ್ನು ನೋಡಿ, “ಇದ್ನ ಹುಣಸೆಹಣ್ಣಲ್ಲಿ ಉಜ್ಜಕ್ಕೆ ಎಷ್ಟ್ ಜನ ಬೇಕು?” ಎಂದು ಕೇಳಿದಳು. ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಕೇಳದಿದ್ದ ಪ್ರಶ್ನೆ.

ಗೋದಾಮಿಗೆ ಕರೆದೊಯ್ದೆ. ಕೆಂಟಕಿಯಿಂದ ಬಂದ ಪೀಪಾಯಿಯೊಂದರ ಬಿರಡೆ ತೆಗೆದು, ಮೂಸವ್ವ ಎಂದೆ. ಅವಳು ಸೆರಗು ಹಿಡಿದುಕೊಂಡು ಬಗ್ಗಿದಳು. “ಬಾಗ್ಲಿಗೆ ಪಾಲಿಶ್ ಹೊಡ್ದಂಗೈತೆ” ಎಂದಳು. ಅಟ್ಟದ ವಾಸನೆ ಬರುವುದಿಲ್ಲವೇ ಎಂದು ನಾನೇ ಬಾಯಿಬಿಟ್ಟು ಕೇಳಿದೆ. “ಅಟ್ಟ ಹತ್ತೋರು ಅವ್ರು. ನಂಗೇನು ಗೊತ್ತಪ್ಪ?” ಅದು ಅಪ್ಪನ ಅಟ್ಟವೇ ಎಂದು ಹೇಳಬಲ್ಲ ಮೂಗು, ನನ್ನದು ಬಿಟ್ಟರೆ, ಅಪ್ಪನದೊಂದೇ ಇತ್ತು. ಬಿರಡೆ ಹಾಕಿದೆ. ಪಕ್ಕದ ಪೀಪಾಯಿಯ ಹತ್ತಿರ ಚಿಕ್ಕಪ್ಪ, ಬರೀ ಮೂಸಿದರೆ ದೋಷವಿಲ್ಲವಲ್ಲ ಎಂದು ಕೇಳಿಕೊಂಡು ಬಹಳ ಹೊತ್ತು ಬಗ್ಗಿಯೇ ಇದ್ದ.

ಕೊನೆಗೆ ಸರ್ಟಿಫಿಕೇಟು ಬರೆದೆ. ಅಪ್ಪ ಹೋದಾಗಿನಿಂದ ಅವ್ವನ ಕೈಗೆ ಬಂದ ಯಾವ ಕಾಗದದಲ್ಲೂ ಅವಳ ಹೆಸರು ಒಂಟಿಯಾಗಿರಲಿಲ್ಲ. ಖಾತೆಯಲ್ಲಿ, ಅರ್ಜಿಯಲ್ಲಿ, ಪಿಂಚಣಿಯ ಪುಸ್ತಕದಲ್ಲಿ, ಎಲ್ಲ ಕಡೆ ಗೌರಮ್ಮ ಕೋಂ ಲೇಟ್ ಚನ್ನಬಸಪ್ಪ. ಗಂಡನ ಹೆಸರನ್ನು ಎಂದೂ ಬಾಯಲ್ಲಿ ಹೇಳದವಳು ಆ ಸಾಲಿನ ಕೆಳಗೆ ಎಷ್ಟು ಸಲ ಸಹಿ ಹಾಕಿದ್ದಳೋ. ನಾನು ಬರೀ ಗೌರಮ್ಮ ಎಂದು ಬರೆದು, ಕೆಳಗೆ ನನ್ನ ಹೆಸರು, ಎಂ.ಎಸ್ಸಿ. ಎಂದು ಸಹಿ ಮಾಡಿ, ಎರಡೂ ಕೈಯಲ್ಲಿ ಕೊಟ್ಟೆ. ಇಂಗ್ಲಿಷಿನಲ್ಲಿತ್ತು. ಅವಳು ಓದಿಸಿಕೊಂಡಳು.

“ನನ್ನೆಸ್ರು ಅಷ್ಟೇಯಾ?”

“ಅಷ್ಟೇ ಕಣವ್ವ.”

ಸಹಿಯ ಮೇಲೆ ಹೆಬ್ಬೆರಳು ಆಡಿಸಿ ನೋಡಿದಳು. ಕಾಗದವನ್ನು ಮಡಚದೆ ಎದೆಗೆ ಹಿಡಿದುಕೊಂಡು, ಮೇಜಿನ ಮೇಲೆ ಉಳಿದಿದ್ದ ಖಾಲಿ ಹಾಳೆಗಳ ಕಡೆ ಕೈ ತೋರಿಸಿದಳು.

“ನಿಮ್ಮಪ್ಪಂದೂ ಒಂದು ಬರ್ಕೊಡು. ಲೇಟು ಅಂತ ಮಾತ್ರ ಹಾಕ್ಬೇಡ.”